ಗೋಡೆಯ ದಿನ

ಗೋಡೆಗೆ ಕಿವಿ ಇರುವುದೇನು ದೊಡ್ಡ ಸಂಗತಿಯಲ್ಲ, ಅದು ಎಲ್ಲ ಊರಿನಲ್ಲೂ ಇದೆಯಂತೆ. ನಮ್ಮೂರಿನ ಗೋಡೆಗಳಿಗೆ ಬಾಯಿಯೂ ಇದೆ. ಇವತ್ತು ಕೋಣೆಯೊಳಗೆ ಆಡಿದ ಮಾತನ್ನು ನಾಳೆ ಅದೇ ಹೊತ್ತಿಗೆ, ಅದೇ ದನಿಯಲ್ಲಿ, ಕೆಮ್ಮು ಸೀನುಗಳ ಸಮೇತ ಗೋಡೆ ಒಪ್ಪಿಸುತ್ತದೆ. ಒಂದೇ ಸಲ. ತಾನು ಹೇಳಿದ್ದನ್ನೇ ತಾನು ಮತ್ತೆ ಹೇಳುವ ಅಭ್ಯಾಸ ಅದಕ್ಕಿಲ್ಲ. ಅಷ್ಟರ ಮಟ್ಟಿಗೆ ಅದು ನಮ್ಮತ್ತೆಗಿಂತ ವಾಸಿ.

ಹೀಗಾಗಿ ನಮ್ಮಲ್ಲಿ ಜಗಳಗಳು ಕಣದಲ್ಲಿ ನಡೆಯುತ್ತವೆ, ಗುಟ್ಟುಗಳು ಬಾವಿಕಟ್ಟೆಯಲ್ಲಿ. ಹೆಣ್ಣು ನೋಡಲು ಬಂದವರನ್ನು ಬಯಲಿನ ಚಪ್ಪರದಲ್ಲಿ ಕೂರಿಸಿ ಅಲ್ಲೇ ಕಾಫಿ ಕೊಟ್ಟು ಅಲ್ಲಿಂದಲೇ ಕಳಿಸುತ್ತೇವೆ. ಹೊಸದಾಗಿ ಮದುವೆಯಾದವರ ಕೋಣೆಯ ಗೋಡೆಗಳಿಗೆಲ್ಲ ಕೌದಿ ನೇತುಹಾಕುವುದು ವಾಡಿಕೆ. ಕೌದಿ ದಪ್ಪವಿದ್ದಷ್ಟೂ ಬೀಗರ ಅಭಿಮಾನ ದಪ್ಪ. ಹೋಟೆಲಿನ ಮಾಣಿ ದಿನ ಬಿಟ್ಟು ದಿನ ‘ಇಡ್ಲಿ, ವಡೆ, ಮಸಾಲೆ ದೋಸೆ’ ಎಂದು ಕೂಗುತ್ತಾನೆ; ನಡುವಿನ ದಿನ ಗೋಡೆಯೇ ಕೂಗುತ್ತದೆ, ವಡೆ ಖಾಲಿಯಾಗಿದ್ದರೂ. ಇನ್ನೊಂದು ಮಾತನ್ನು ನಮಗೆ ತೊಟ್ಟಿಲಲ್ಲೇ ಕಲಿಸಿರುತ್ತಾರೆ: ಮಾತಾಡುವಾಗ ಗೋಡೆ ಮುಟ್ಟಬಾರದು, ಮುಟ್ಟಿದರೆ ನಾಲಿಗೆ ಉದುರಿಹೋಗುತ್ತದೆ. ನಾಲಿಗೆ ಉದುರಿದವರನ್ನು ನಾನು ಕಂಡಿಲ್ಲ. ಗೋಡೆಗೆ ಒರಗಿ ಮಾತಾಡಿದವರನ್ನೂ ಕಂಡಿಲ್ಲ.

ಈ ಏರ್ಪಾಟಿನಲ್ಲಿ ಎಲ್ಲರಿಗಿಂತ ಸುಖವಾಗಿದ್ದವರು ಪಾಠ ಹೇಳುವವರು. ಸೋಮವಾರ ನಾವು ಪಾಠ ಮಾಡಿದರೆ ಮಂಗಳವಾರ ಗೋಡೆ ಮಾಡುತ್ತದೆ. ಬುಧವಾರ ನಾವು, ಗುರುವಾರ ಗೋಡೆ. ಸಂಬಳ ಮಾತ್ರ ಪೂರ್ತಿ ನಮಗೇ. ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣ. ನಾನು ಗಾಣಿಗರ ಬೀದಿಯ ಶಿಶುವಿಹಾರದ ಟೀಚರು. ಹೆಸರು ರುಕ್ಮಾವತಿ, ಮಕ್ಕಳಿಗೆ ರುಕ್ಕು ಟೀಚರ್. ಬಿ.ಎ. ಓದುವಾಗ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಪ್ರಿನ್ಸಿಪಾಲರ ದನಿಯನ್ನು ಅನುಕರಿಸಿ, ಬಹುಮಾನವನ್ನೂ ಎಚ್ಚರಿಕೆಯನ್ನೂ ಒಂದೇ ವೇದಿಕೆಯ ಮೇಲೆ, ಅದೇ ಪ್ರಿನ್ಸಿಪಾಲರ ಕೈಯಿಂದ ಪಡೆದವಳು. ಕುಕ್ಕರಿನ ಸೀಟಿ, ಕಂಡಕ್ಟರಿನ ‘ರೈಟ್ ರೈಟ್’, ಮೊಟ್ಟೆ ಇಟ್ಟ ಕೋಳಿಯ ಹೆಮ್ಮೆ, ನಮ್ಮ ಆಯಾ ಸಾಕಮ್ಮನ ಗೊರಕೆ, ಯಾವುದು ಬೇಕಾದರೂ ನನ್ನ ಗಂಟಲಿನಲ್ಲಿದೆ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಮಾರನೆಯ ದಿನ ಅದೇ ಕೋಳಿಯನ್ನು ಗೋಡೆ ಕೂಗುತ್ತಿತ್ತು. ಮಕ್ಕಳು ಕೈಕಟ್ಟಿ ಕೇಳುತ್ತಿದ್ದರು, ನಾನು ಮೂಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಅದಕ್ಕೆ ‘ಗೋಡೆಯ ದಿನ’ ಎಂದು ಹೆಸರು. ಶಿಶುವಿಹಾರ ಎಂಬ ಪದವನ್ನು ನಾವು ಸಮನಾಗಿ ಹಂಚಿಕೊಂಡಿದ್ದೆವು: ಶಿಶುಗಳು ಅವರು, ವಿಹಾರ ನನ್ನದು.

ಹೀಗಿರುವಾಗ ಮೇಲಿನಿಂದ ಆಜ್ಞೆ ಬಂತು. ಊರಿನ ಶಿಶುವಿಹಾರದ ಟೀಚರುಗಳಿಗೆಲ್ಲ ತರಬೇತಿ. ಅದು ಮುಗಿದ ಮೇಲೆ ತರಬೇತಿ ಕೊಟ್ಟ ಮೇಡಂ ಒಂದೊಂದೇ ತರಗತಿಯನ್ನು ನೋಡುತ್ತಾರೆ. ಅವರು ಒಪ್ಪದ ಶಾಲೆಯನ್ನು ಕೆರೆಯಾಚೆಯ ದೊಡ್ಡ ಶಾಲೆಗೆ ಸೇರಿಸಿಬಿಡುತ್ತಾರೆ. ದೊಡ್ಡ ಶಾಲೆಗೆ ಹೋಗಬೇಕಾದರೆ ಕೆರೆ ಏರಿಯ ಉದ್ದಕ್ಕೂ ನಡೆಯಬೇಕು. ನಮ್ಮ ಮಕ್ಕಳ ಕಾಲು ಎಷ್ಟುದ್ದ ಎಂದರೆ, ಚಪ್ಪಲಿ ಬಿಟ್ಟರೆ ಮತ್ತೆ ಮಂಡಿಯೇ. ಗಾಣಿಗರ ಬೀದಿಯ ತಾಯಂದಿರು ಬೆಳಗಾದರೆ ಬೀಡಿ ಕಟ್ಟುವವರು, ಮನೆಗೆಲಸಕ್ಕೆ ಹೋಗುವವರು; ಏರಿಯ ಮೇಲೆ ಮಕ್ಕಳನ್ನು ಯಾರು ದಾಟಿಸುತ್ತಾರೆ? ನಮ್ಮ ಶಾಲೆ ಮುಚ್ಚಿದರೆ ಆ ಮಕ್ಕಳು ಶಾಲೆಯನ್ನೇ ಬಿಟ್ಟಂತೆ. ಇದು ನನಗೆ ಗೊತ್ತಿತ್ತು, ಪುರಸಭೆಯ ಸದಸ್ಯ ಶಿವನಂಜಪ್ಪನವರಿಗೂ ಗೊತ್ತಿತ್ತು. ನಮ್ಮ ಕಟ್ಟಡದ ಮೇಲೆ ಅವರಿಗೆ ಬಹಳ ದಿನದಿಂದ ಕಣ್ಣು. ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ಅಗಲ ಉದ್ದ ಅಂದಾಜು ಮಾಡುತ್ತ, “ತೇವ ಇಲ್ಲ ಕಣ್ ಟೀಚರಮ್ಮ ಈ ರೂಮ್ನಲ್ಲಿ. ಗೊಬ್ಬರ ಇಡಕ್ಕೆ ಭೋ ಪಸಂದಾಗೈತೆ” ಎನ್ನುತ್ತಿದ್ದರು.

ತರಬೇತಿ ನಡೆದದ್ದು ಹೊಸ ಸಭಾಭವನದಲ್ಲಿ. ಇನ್ನೂ ಬಣ್ಣದ ವಾಸನೆ ಹೋಗಿರಲಿಲ್ಲ. ಹೊಸ ಗೋಡೆ ಎಳೆಗೂಸಿನ ಹಾಗೆ, ಒಂದು ಮಳೆಗಾಲ ಕಳೆಯದೆ ಅದಕ್ಕೆ ಮಾತು ಬಾರದು ಎಂದು ನಮ್ಮ ಗಾರೆಯವರು ಹೇಳುತ್ತಾರೆ. ಆದ್ದರಿಂದ ಟೀಚರುಗಳೆಲ್ಲ ಎಂದೂ ಇಲ್ಲದ ಸ್ವಾತಂತ್ರ್ಯದಲ್ಲಿ ಹರಟೆ ಹೊಡೆಯುತ್ತ ಕೂತೆವು. ಚಾವಣಿಯ ಕೆಳಗೆ ಅಷ್ಟು ಧಾರಾಳವಾಗಿ ಬಾಯಿಬಿಟ್ಟು ನಮಗೆ ಅಭ್ಯಾಸವೇ ಇರಲಿಲ್ಲ.

ಬಂದವರು ಕುಮುದಿನಿ ಮೇಡಂ. ಪರವೂರಿನವರು. ಐವತ್ತರ ಆಸುಪಾಸು, ನೂಲಿನ ಸೀರೆ, ಮೂಗಿನಲ್ಲಿ ಅರ್ಧ ದನಿ. ಅವರು ಹೇಳಿದ ವಿಷಯ ಬಹಳ ಚೆನ್ನಾಗಿತ್ತು. ಮಗು ಖಾಲಿ ಪಾತ್ರೆಯಲ್ಲ, ನೀವು ಹುಯ್ಯುವ ಸೌಟಲ್ಲ. ಮಗುವಿನ ಪ್ರಶ್ನೆಯೇ ಪಾಠ. ನೀವು ಕಡಿಮೆ ಮಾತಾಡಿ, ಮಗು ಹುಡುಕಲಿ, ತಪ್ಪಲಿ, ಮತ್ತೆ ಹುಡುಕಲಿ. ಕಡಿಮೆ ಮಾತಾಡಬೇಕು ಎಂಬುದನ್ನು ಅವರು ಬೆಳಗಿನಿಂದ ಊಟದ ಹೊತ್ತಿನವರೆಗೂ, ಊಟದಿಂದ ಸಂಜೆಯವರೆಗೂ ನೀರು ಕುಡಿಯದೆ ಹೇಳಿದರು. ಪ್ರತಿ ಮಾತಿನ ತುದಿಗೆ ಒಂದು ‘ಅಲ್ವಾ?’ ಆಗಾಗ, “ಏನಾದ್ರೂ ಪ್ರಶ್ನೆ? ಇಲ್ಲ. ಗುಡ್.” ಪ್ರಶ್ನೆಗೂ ಇಲ್ಲಕ್ಕೂ ನಡುವೆ ಒಂದು ಸೊಳ್ಳೆ ನುಸುಳುವಷ್ಟೂ ಜಾಗವಿರಲಿಲ್ಲ. ಉಪನ್ಯಾಸ ಮುಗಿಯದೆ ನಮ್ಮ ಉಪವಾಸ ಮುಗಿಯಲಿಲ್ಲ.

ಮಧ್ಯಾಹ್ನ ಮೇಡಂ ಊಟಕ್ಕೆ ಪ್ರವಾಸಿ ಮಂದಿರಕ್ಕೆ ಹೋದರು. ನಾವು ಭವನದಲ್ಲೇ ಬುತ್ತಿ ಬಿಚ್ಚಿದೆವು. ಪಕ್ಕದ ಟೀಚರು, “ರುಕ್ಕೂ, ಒಂಚೂರು ಮಾಡೇ” ಎಂದಳು. ಗೋಡೆಗೆ ಮಾತು ಬಾರದು, ಮೇಡಂ ಊರಾಚೆ. ಇಂಥ ಅವಕಾಶ ಜನ್ಮಕ್ಕೊಂದು. ಎದ್ದು ನಿಂತೆ, ಸೆರಗನ್ನು ಅವರ ಹಾಗೆ ಸುತ್ತಿದೆ, ಮೂಗಿಗೆ ಅರ್ಧ ದನಿ ಏರಿಸಿದೆ.

“ಚಿತ್ರಾನ್ನ ಖಾಲಿ ಪಾತ್ರೆ ಅಲ್ಲ, ಅಲ್ವಾ? ಕಡಲೆಬೀಜ ಎಲ್ಲಿದೆ ಅಂತ ಚಿತ್ರಾನ್ನವೇ ಹುಡುಕ್ಬೇಕು, ಅಲ್ವಾ? ನೀವು ಬರೀ ಬಾಯಿ ತೆಗೀಬೇಕು. ಮಾತಾಡೋಕಲ್ಲ, ತಿನ್ನೋಕೆ. ಏನಾದ್ರೂ ಪ್ರಶ್ನೆ? ಇಲ್ಲ. ಗುಡ್.”

ಒಬ್ಬಳಿಗೆ ಮೊಸರನ್ನ ಮೂಗಿಗೆ ಹತ್ತಿತು. ನಾನು ಜೀವಮಾನದಲ್ಲಿ ಮಾಡಿದ ಅತ್ಯುತ್ತಮ ಅನುಕರಣೆ ಅದು.

ಎರಡನೆಯ ದಿನ ಬೆಳಿಗ್ಗೆ ಮೇಡಂ ವೇದಿಕೆ ಹತ್ತಿ ಬಾಯಿ ತೆರೆಯುವುದಕ್ಕೂ, “ನಮಸ್ಕಾರ, ನನ್ನ ಹೆಸರು ಕುಮುದಿನಿ” ಎಂದು ಗೋಡೆ ಹೇಳುವುದಕ್ಕೂ ಸರಿಹೋಯಿತು. ಮೇಡಂ ಬಾಗಿಲ ಕಡೆ ತಿರುಗಿದರು, ತಡವಾಗಿ ಬಂದ ಇನ್ನೊಬ್ಬ ಕುಮುದಿನಿ ಇರಬಹುದೇನೋ ಎಂಬಂತೆ. ಎಳೆಗೂಸು ಎಂದುಕೊಂಡಿದ್ದ ಗೋಡೆ ಮಳೆಗೆ ಕಾಯದೆ ಮಾತು ಕಲಿತಿತ್ತು. ಮೇಡಂ ಮೊದಲು ಗೋಡೆಯ ಜೊತೆ ಪೈಪೋಟಿಗೆ ನಿಂತರು. ದನಿ ಎತ್ತರಿಸಿದರು. ಆದರೆ ನಿನ್ನೆಯ ಮೇಡಂ ದಣಿದಿರಲಿಲ್ಲ, ಇವತ್ತಿನ ಮೇಡಂ ಬೇಗ ದಣಿದರು. ಕೊನೆಗೆ ನಮ್ಮ ಸಾಲಿನಲ್ಲೇ ಬಂದು ಕುರ್ಚಿ ಹಾಕಿಕೊಂಡು ತಮ್ಮ ಉಪನ್ಯಾಸವನ್ನು ತಾವೇ ಕೇಳತೊಡಗಿದರು.

ಮೊದಮೊದಲು ತಲೆದೂಗಿದರು. ಆಮೇಲೆ ತಲೆ ನಿಂತಿತು. ‘ಏನಾದ್ರೂ ಪ್ರಶ್ನೆ? ಇಲ್ಲ. ಗುಡ್’ ಮೂರನೆಯ ಸಲವೋ ನಾಲ್ಕನೆಯ ಸಲವೋ ಬಂದಾಗ ನನ್ನ ಕಡೆ ಬಾಗಿ, “ನಿನ್ನೆ ನಿಮಗೆ ಉಸಿರಾಡೋಕಾದ್ರೂ ಬಿಟ್ಟಿದ್ನಾ?” ಎಂದು ಮೆಲ್ಲಗೆ ಕೇಳಿದರು.

“ಮಧ್ಯೆ ಮಧ್ಯೆ ಬಿಟ್ಟಿದ್ರಿ, ಮೇಡಂ,” ಎಂದೆ. ನನ್ನ ಚಿಂತೆ ಬೇರೆ ಇತ್ತು. ಊಟದ ಹೊತ್ತು ಹತ್ತಿರವಾಗುತ್ತಿತ್ತು.

“ಮೇಡಂ, ಊಟಕ್ಕೆ ಪ್ರವಾಸಿ ಮಂದಿರದಲ್ಲಿ ಹೇಳಿದೀರಲ್ಲ? ಜೀಪು ಬಂದಿದೆ.”

“ಬೇಡ. ಇಲ್ಲೇ ಏನಾದ್ರೂ ತಿಂತೀನಿ. ಇದನ್ನ ಬಿಟ್ಟು ಹೇಗ್ರೀ ಹೋಗೋದು?”

“ಹೊರಗೆ ಹೊಂಗೆ ಮರದ ನೆರಳಿದೆ ಮೇಡಂ. ತಂಪು.”

“ಇಲ್ಲೂ ಫ್ಯಾನಿದೆ, ರುಕ್ಮಾವತಿಯವ್ರೇ.”

“ಗೋಡೆ ಊಟದ ಹೊತ್ತಲ್ಲಿ ಅಷ್ಟು ಚೆನ್ನಾಗಿ ಮಾತಾಡಲ್ಲ ಮೇಡಂ.”

“ಅದನ್ನೂ ನೋಡೋಣ.”

ನೋಡಿದರು. ಗೋಡೆ ಚೆನ್ನಾಗಿಯೇ ಮಾತಾಡಿತು. ‘ಚಿತ್ರಾನ್ನ ಖಾಲಿ ಪಾತ್ರೆ ಅಲ್ಲ, ಅಲ್ವಾ?’ ಎಂದು ಶುರುವಾದಾಗ ಎತ್ತಿದ ತುತ್ತುಗಳೆಲ್ಲ ಬಾಯಿಗೂ ಡಬ್ಬಿಗೂ ನಡುವೆ ನಿಂತವು. ನಾನು ನನ್ನ ಉಪ್ಪಿನಕಾಯಿಯಲ್ಲಿ ಮುಖ ಹುದುಗಿಸಿದೆ. ಶಿವನಂಜಪ್ಪನವರು ನಮ್ಮ ಕೋಣೆಯೊಳಗೆ ಗೊಬ್ಬರದ ಚೀಲ ಒಟ್ಟುತ್ತಿರುವುದು, ನನ್ನ ತರಗತಿಯ ಪುಟ್ಟ ಹುಡುಗಿ ದೊಡ್ಡತಾಯಿ ಕೆರೆ ಏರಿಯ ಮೇಲೆ ಒಂಟಿಯಾಗಿ ನಿಂತಿರುವುದು, ಎರಡೂ ಒಟ್ಟಿಗೆ ಕಣ್ಣಿಗೆ ಕಟ್ಟಿದವು. ಗೋಡೆಯೊಳಗಿನ ನಗು ನಿಂತಿತು.

ಮೇಡಂ ಕೈ ತೊಳೆದು ಬಂದರು. “ಮಧ್ಯಾಹ್ನ ನಾನು ಇಲ್ಲಿ ಇರ್ಲೇ ಇಲ್ಲ. ಹಾಗಾದ್ರೆ ಇದು ಯಾರು?”

ಯಾರೂ ನನ್ನ ಹೆಸರು ಹೇಳಲಿಲ್ಲ. ಆದರೆ ಎಲ್ಲರೂ ನನ್ನನ್ನೇ ನೋಡಿದರು.

“ನನ್ನ ದನಿ ಇಷ್ಟು ಮೂಗಿಂದ ಬರುತ್ತಾ?”

“ಇಲ್ಲ ಮೇಡಂ,” ಎಂದೆ. “ನಾನು ಒಂಚೂರು ಒಗ್ಗರಣೆ ಹಾಕ್ದೆ.”

“ಒಗ್ಗರಣೆ ಸರಿ, ಸಾರು ನಂದೇ ಅಲ್ವಾ?” ಎಂದರು. ಹೇಳಿದ ಮೇಲೆ ಆ ‘ಅಲ್ವಾ’ ತಮಗೇ ಕೇಳಿಸಿ ತುಟಿ ಕಚ್ಚಿಕೊಂಡರು. ಕೋಪವೋ ನಗುವೋ ಗೊತ್ತಾಗಲಿಲ್ಲ. ಉಳಿದ ಮಧ್ಯಾಹ್ನ ಒಂದು ಮಾತೂ ಆಡದೆ ಗೋಡೆ ಕೇಳಿಸಿಕೊಂಡರು. ಸಂಜೆ ಹೊರಡುವಾಗ ನನ್ನ ಹತ್ತಿರ ಬಂದು, “ನಾಳೆ ಉಪನ್ಯಾಸ ಇಲ್ಲ. ಮೊದಲು ನಿಮ್ಮ ಶಾಲೆಯನ್ನೇ ನೋಡ್ತೀನಿ. ನೀವು ಏನೂ ತಯಾರಿ ಮಾಡ್ಕೋಬೇಡಿ. ನಾಳೆ ನಿಮ್ಮ ಗೋಡೆ ಏನು ಹೇಳುತ್ತೋ ಅಷ್ಟೇ ಸಾಕು,” ಎಂದರು.

ನಮ್ಮ ಗೋಡೆ ಏನು ಹೇಳುತ್ತದೆ? ಎರಡು ದಿನದಿಂದ ನಾನು ಶಾಲೆಗೇ ಹೋಗಿರಲಿಲ್ಲ. ಮಕ್ಕಳನ್ನು ನೋಡಿಕೊಂಡವಳು ಸಾಕಮ್ಮ. ಹೆಣ್ಣು ಸಾಕು ಎಂದು ಅಪ್ಪ ಇಟ್ಟ ಹೆಸರು. ಇವಳ ಹಿಂದೆ ಇನ್ನೂ ಮೂವರು ಬಂದರಂತೆ. ಸುದ್ದಿ ಹೇಳಿದಾಗ ಅವಳು ಪೊರಕೆ ಕೆಳಗಿಟ್ಟಳು.

“ಇವತ್ತಿಂದೂ ಹೇಳ್ತದಾ ಟೀಚರಮ್ಮ? ಮಧ್ಯಾನದ್ದೂ?”

“ಎಲ್ಲಾ ಹೇಳುತ್ತೆ. ಯಾಕೆ?”

“ಏನಿಲ್ಲ. ಸುಮ್ಕೆ ಕೇಳ್ದೆ.”

ಮೂರನೆಯ ದಿನ ಮಧ್ಯಾಹ್ನ ಮೇಡಂ ಬಂದು ಚಾಪೆಯ ಮೇಲೆ ಮಕ್ಕಳ ಜೊತೆ ಕೂತರು. ಬಾಗಿಲಲ್ಲಿ ಶಿವನಂಜಪ್ಪನವರೂ ಹಾಜರು. ತಯಾರಿ ಬೇಡ ಎಂದಿದ್ದರೂ ಕೋಳಿ, ಕುಕ್ಕರು, ಕಂಡಕ್ಟರು ಎಲ್ಲವೂ ನನ್ನ ಗಂಟಲಿನಲ್ಲಿ ಸಾಲುಗಟ್ಟಿ ನಿಂತಿದ್ದವು. ಮೇಡಂ ನನ್ನ ಮುಖ ನೋಡಿ ಅದನ್ನು ಓದಿಕೊಂಡರೋ ಏನೋ. ಮಡಕೆಯಿಂದ ಎರಡು ಲೋಟ ನೀರು ತಂದರು.

“ಬಾಯಿ ತುಂಬ ನೀರು ತುಂಬ್ಕೊಳ್ಳಿ. ನುಂಗ್ಬೇಡಿ. ನಾನೂ ತುಂಬ್ಕೋತೀನಿ. ಸುಮ್ಮನೆ ಕೂರೋದು ನನಗೂ ಬರಲ್ಲ ಅಂತ ನಿನ್ನೆ ಗೊತ್ತಾಯ್ತು.”

ಹೀಗೆ ಇಬ್ಬರು ಓದಿದ ಹೆಂಗಸರು ಪೂರಿಯಂತೆ ಕೆನ್ನೆ ಉಬ್ಬಿಸಿಕೊಂಡು ಚಾಪೆಯ ಮೇಲೆ ಕೂತೆವು.

ಗೋಡೆ ಶುರುಮಾಡಿತು. ಮೊದಲು ಸಾಕಮ್ಮನ ದನಿ: ‘ಕೈ ಕಟ್ರಿ, ಬಾಯ್ ಮುಚ್ರಿ.’ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಗೊರಕೆ. ಕೆರೆಯ ತೂಬು ಎತ್ತಿದಂಥ ಗೊರಕೆ.

“ಅದು ನಂದಲ್ಲ ಮೇಡಂ,” ಎಂದಳು ಸಾಕಮ್ಮ. “ನಮ್ ಟೀಚರಮ್ಮ ಥೇಟು ನನ್ನಂಗೇ ಗೊರಕೆ ಹೊಡೀತಾರೆ. ಬೇಕಾರೆ ಊರ್ನೇ ಕೇಳಿ.”

ನನ್ನ ಬಾಯಲ್ಲಿ ನೀರು. ಮೇಡಂ ಬಾಯಲ್ಲೂ ನೀರು. ಅವರ ಕಣ್ಣುಗಳು ಒದ್ದೆಯಾದವು, ಮೂಗಿನಿಂದ ಒಂದೆರಡು ಹನಿ ಬಂತು.

‘ಸಾಕಜ್ಜಿ ಮಲೀಕಂಡ್ಲು,’ ಎಂದಿತು ಗೋಡೆ, ದೊಡ್ಡತಾಯಿಯ ದನಿಯಲ್ಲಿ. ಐದು ತುಂಬದ, ನನ್ನ ಸೊಂಟಕ್ಕೂ ಬಾರದ ಹುಡುಗಿ ಅವಳು. ನನ್ನ ತರಗತಿಯಲ್ಲಿ ‘ಹಾಜರ್ ಟೀಚರ್’ ಎನ್ನುವುದನ್ನು ಬಿಟ್ಟು ಅವಳ ಬಾಯಿಂದ ನಾನು ಬೇರೇನೂ ಕೇಳಿರಲಿಲ್ಲ.

‘ಎಬ್ಬಿಸ್ಬೇಡ ಕಣೆ,’ ಇದು ನಜೀರ. ಬೀಡಿ ಕಟ್ಟುವ ಮುಮ್ತಾಜಳ ಮಗ.

‘ಅಗೋ, ಗೋಡೇಲಿ ನನ್ ದನಿ ಬತ್ತಾ ಅದೆ. ನೆನ್ನೆದು,’ ಮತ್ತೆ ನಜೀರನೇ.

‘ಗೋಡೆ ಬಾಯಿ ಎಲ್ಲದೆ?’

‘ಮೂಲೇಲಿ. ಅಲ್ಲಿ ಒಡ್ಕಿದೆಯಲ್ಲ, ಅದೇ ಬಾಯಿ.’

‘ಅದ್ ಇರ್ವೆ ಮನೆ ಕಣೋ.’

‘ಮುಟ್ಟಿ ನೋಡಾನಾ?’

‘ನಾಲ್ಗೆ ಬಿದ್ದೋಯ್ತದೆ.’

‘ನೀನ್ ಮುಟ್ಟು. ಬಿದ್ರೆ ನಾನ್ ಎತ್ತಿ ಕೊಡ್ತೀನಿ.’

ಬಾಗಿಲಲ್ಲಿ ಶಿವನಂಜಪ್ಪನವರು ನಕ್ಕು, ನಕ್ಕಿದ್ದಕ್ಕೆ ಕೆಮ್ಮಿದರು. ಗೋಡೆಯಲ್ಲಿ ಕಾಲುಗಳ ಸದ್ದು. ‘ಇಲ್ಲಿ ಇಲ್ಲ. ಇಲ್ಲೂ ಇಲ್ಲ. ಲೇ ದೊಡ್ಡಿ, ಇಲ್ಲಿ ಜುಮ್ ಅಂತದೆ, ಬೆಕ್ಕಿನ ಹೊಟ್ಟೆ ತರ. ನೀನೂ ಅಂಗೈ ಮಡ್ಗು. ಹಿಂಗೆ, ಪೂರ್ತಿ—’

ಅಲ್ಲಿಗೆ ನಜೀರನ ದನಿ ನಿಂತಿತು. ತುಂಡಾಯಿತು ಎನ್ನಬೇಕು, ಎಲೆ ಕಿತ್ತ ಹಾಗೆ. ‘ಎಲ್ಲಿ? ಹಿಂಗಾ—’ ಎಂದು ದೊಡ್ಡತಾಯಿಯದೂ ನಿಂತಿತು. ಉಳಿದ ಮಕ್ಕಳ ಗಲಾಟೆ ಇತ್ತು. ಅದೂ ಒಂದೊಂದಾಗಿ, ಮನೆಮನೆಯ ದೀಪ ಆರಿದಂತೆ, ಆರಿಹೋಯಿತು. ಕೊನೆಗೆ ಸಾಕಮ್ಮನ ಗೊರಕೆ ಒಂದೇ ಉರಿಯುತ್ತಿತ್ತು. ನಡುವೆ ಒಮ್ಮೆ ದೊಡ್ಡತಾಯಿ ಎಲ್ಲಿಂದಲೋ ಹಾರಿಬಂದಂತೆ, ‘—ಕೈ ನೋಯ್ತದೆ ಕಣೋ,’ ಎಂದಳು, ಮತ್ತೆ ಮಾಯವಾದಳು.

“ನಿದ್ದೆ ಮಾಡಿರ್ತವೆ,” ಎಂದಳು ಸಾಕಮ್ಮ. “ನನ್ ನೋಡಿ ಅವೂ.”

“ನಾವ್ ಮಲಗಿರ್ಲಿಲ್ಲ,” ಎಂದ ನಜೀರ. ಈ ಸಲ ಗೋಡೆಯಲ್ಲ, ನಜೀರನೇ. “ನಾನ್ ಅವಾಗ ಎಷ್ಟೊಂದ್ ಮಾತಾಡ್ದೆ. ನಮ್ಮ ಕುರಿ ಮರಿ ಹಾಕಿದ್ದೆಲ್ಲಾ ಹೇಳ್ದೆ.”

“ನಾನೂ ಹೇಳ್ದೆ,” ಎಂದಳು ದೊಡ್ಡತಾಯಿ. “ಗೋಡೆ ಯಾಕೆ ಹೇಳ್ನಿಲ್ಲ?”

ಮಕ್ಕಳೆಲ್ಲ ಗೋಡೆಯನ್ನು ನೋಡಿದರು. ಆಮೇಲೆ ಒಬ್ಬರನ್ನೊಬ್ಬರು. ಆಮೇಲೆ ನನ್ನನ್ನು. ದೊಡ್ಡತಾಯಿ ಎದ್ದುಬಂದು ನನ್ನ ಮಂಡಿಯ ಮೇಲೆ ಕೈಯಿಟ್ಟಳು.

“ಟೀಚರ್, ನಮ್ ಮಾತು ಎಲ್ಲೋಯ್ತು?”

ನನ್ನ ಬಾಯಲ್ಲಿ ನೀರಿನ ಹಿಂದೆ ಮೂರು ಒಳ್ಳೆಯ ಜೋಕುಗಳು ಸರದಿ ಕಾಯುತ್ತ ಕೂತಿದ್ದವು. ‘ಇರುವೆ ಹೊತ್ಕೊಂಡು ಹೋಯ್ತು’ ಎಂದು ಇರುವೆಯ ದನಿಯಲ್ಲಿ ಹೇಳಿದ್ದರೆ ತರಗತಿ ಉರುಳಾಡಿ ನಗುತ್ತಿತ್ತು. ನಾಳೆ ಗೋಡೆಯೂ ಹೇಳುತ್ತಿತ್ತು, ನಾನು ಅವರೆಕಾಯಿ ಸುಲಿಯಬಹುದಿತ್ತು. ಪ್ರಶ್ನೆ ಅಲ್ಲಿಗೆ ಮುಗಿಯುತ್ತಿತ್ತು. ಬಾಗಿಲಲ್ಲಿ ಶಿವನಂಜಪ್ಪನವರು, ಪಕ್ಕದಲ್ಲಿ ಮೇಡಂ. ಶಾಲೆ ಉಳಿಯಬೇಕಾದರೆ ಟೀಚರಿಗೆ ಉತ್ತರ ಗೊತ್ತಿರಬೇಕಲ್ಲವೇ? ಆದರೆ ದೊಡ್ಡತಾಯಿ ನನ್ನ ಮುಖವನ್ನು ನೋಡುತ್ತಿದ್ದ ರೀತಿಯೇ ಬೇರೆ ಇತ್ತು. ನಗುವುದಕ್ಕೆ ಕಾಯುತ್ತಿರಲಿಲ್ಲ ಅವಳು. ನಿಜವಾಗಿ ಕೇಳುತ್ತಿದ್ದಳು. ನನಗೂ, ಎಷ್ಟೋ ವರ್ಷಗಳ ಮೇಲೆ, ನಿಜವಾಗಿ ತಿಳಿಯಬೇಕೆನಿಸಿತ್ತು.

ನೀರನ್ನು ನುಂಗಿದೆ. ಗುಟುಕೆಂದು ದೊಡ್ಡ ಸದ್ದಾಯಿತು.

“ಗೊತ್ತಿಲ್ಲ,” ಎಂದೆ.

ಟೀಚರ ಬಾಯಿಂದ ಆ ಮಾತನ್ನು ನಮ್ಮೂರಿನ ಯಾವ ಗೋಡೆಯೂ ಕೇಳಿರಲಾರದು. “ಹೋಯ್,” ಎಂದರು ಶಿವನಂಜಪ್ಪನವರು ಬಾಗಿಲಿನಿಂದ. ಮಕ್ಕಳು ಮಾತ್ರ ಅದನ್ನು ದೊಡ್ಡ ಸಂಗತಿಯಾಗಿ ತೆಗೆದುಕೊಳ್ಳಲಿಲ್ಲ. ಟೀಚರಿಗೂ ಗೊತ್ತಿಲ್ಲ ಎಂದಮೇಲೆ ಕೆಲಸ ತಮ್ಮ ಮೇಲೇ ಬಿತ್ತು ಎಂಬಂತೆ ಗುಂಪುಗಟ್ಟಿದರು.

“ಕೈ ಮಡ್ಗ್ದಾಗ ಹೋಯ್ತು,” ಎಂದ ನಜೀರ.

“ಕೈ ತೆಗ್ದಾಗ ‘ನೋಯ್ತದೆ’ ಅಂದಿದ್ ಬಂತು,” ಎಂದಳು ದೊಡ್ಡತಾಯಿ. ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. “ಹಂಗಾರೆ ಇವತ್ತು ಒಬ್ರು ಕೈ ಮಡ್ಗಿ ಹೇಳಾನ, ಒಬ್ರು ಮಡ್ಗ್ದೆ ಹೇಳಾನ.”

ನಾಲಿಗೆ ಉದುರುತ್ತದೆಂದು ಸಾಕಮ್ಮ ಕೂಗುವ ಮೊದಲೇ ನಜೀರ ಗೋಡೆಗೆ ಅಂಗೈ ಒತ್ತಿ ನಿಂತಿದ್ದ. ನಾನು ಕಟ್ಟಿಕೊಟ್ಟ ಇರುವೆಯ ಹಾಡನ್ನೇ ಆರಿಸಿಕೊಂಡರು. ಅದರಲ್ಲಿ ಒಬ್ಬರು ಕೇಳುವುದು, ಒಬ್ಬರು ಉತ್ತರಿಸುವುದು. “ಇರುವೆ ಇರುವೆ, ಎಲ್ಲಿಗೆ ಹೊರಟೆ?” ಎಂದು ದೊಡ್ಡತಾಯಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಕೇಳಿದಳು. “ಸಕ್ಕರೆ ಡಬ್ಬಿಯ ಸಂತೆಗೆ ಹೊರಟೆ,” ಎಂದ ನಜೀರ ಗೋಡೆ ಹಿಡಿದು. “ಇರುವೆ ಇರುವೆ, ಏನನು ತರುವೆ?” “ನನಗಿಂತ ದೊಡ್ಡ ಕಾಳನು ತರುವೆ.” ಹಾಡು ಮುಗಿಯಿತು. ನಾಲಿಗೆ ಇದ್ದಲ್ಲೇ ಇತ್ತು. ಖಚಿತಪಡಿಸಲು ನಜೀರ ಅದನ್ನು ಎಲ್ಲರಿಗೂ ಚಾಚಿ ತೋರಿಸಿದ, ಶಿವನಂಜಪ್ಪನವರಿಗೆ ಸ್ವಲ್ಪ ಹೆಚ್ಚಾಗಿಯೇ.

ಮೇಡಂ ಕಿಟಕಿಯಾಚೆ ನೀರು ಉಗುಳಿ ಬಂದರು. “ಉತ್ತರ ಯಾವಾಗ ಗೊತ್ತಾಗುತ್ತೆ?” ಎಂದು ಮಕ್ಕಳನ್ನು ಕೇಳಿದರು.

“ನಾಳೆ,” ಎಂದರು ಮಕ್ಕಳು.

“ನಂಗೆ ಇವತ್ತು ಸಂಜೆ ಬಸ್ಸು.”

“ಹಂಗಾರೆ ನಿಮ್ಗೆ ಗೊತ್ತಾಗಲ್ಲ ಬುಡಿ,” ಎಂದಳು ದೊಡ್ಡತಾಯಿ, ಬಹಳ ಕನಿಕರದಿಂದ.

ಮೇಡಂ ಬಸ್ಸು ಬಿಟ್ಟರು. ಬಸ್ಸು ಅವರನ್ನು ಬಿಟ್ಟಿತು ಎಂದು ಮೇಲಿನವರಿಗೆ ಹೇಳಿಕಳಿಸಿದರು.

ಮಾರನೆಯ ದಿನ ಶಾಲೆಯ ಮುಂದೆ ಗಾಣಿಗರ ಬೀದಿಯೇ ನೆರೆದಿತ್ತು. ನಜೀರ ಸಂಜೆಯೊಳಗೆ ಊರಿಗೆಲ್ಲ ಸಾರಿದ್ದ. ಮುಮ್ತಾಜ ಬೀಡಿ ಮೊರವನ್ನು ಸೊಂಟಕ್ಕಿಟ್ಟುಕೊಂಡೇ ಬಂದಿದ್ದಳು. ಮಕ್ಕಳು ಕೈಕಟ್ಟಿ ಕೂರಬೇಕೆಂದು ನಾನು ಹೇಳಲಿಲ್ಲ. ಅವರಾಗಿಯೇ ಗೋಡೆಯ ಮುಂದೆ ಹತ್ತಿರ ಹತ್ತಿರ ಕೂತರು. ಗೋಡೆ ಗುಟುಕೆಂದು ನೀರು ನುಂಗಿತು. ಆಮೇಲೆ ನನ್ನದೇ ದನಿಯಲ್ಲಿ, ‘ಗೊತ್ತಿಲ್ಲ’ ಎಂದಿತು.

“ಕೇಳಿಸ್ಕಂಡ್ರಾ?” ಶಿವನಂಜಪ್ಪನವರು ಜನರ ಕಡೆ ತಿರುಗಿದರು. “ಗೊತ್ತಿಲ್ಲ ಅನ್ನಕ್ಕೂ ಒಬ್ರು ಟೀಚರ್ ಬೇಕಾ? ಅದನ್ನ ನಾನೇ ಹೇಳ್ತಿರ್ನಿಲ್ವಾ? ಆ ಹೈಕಳು ಕೆರೆಯಾಚೆ ಹೋಗಿ ನಾಕಕ್ಷರ ಕಲೀಲಿ. ಇಲ್ಲಿ ಏನೈತೆ?”

ಮುಮ್ತಾಜ ಕೆರೆಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. ಅಷ್ಟರಲ್ಲಿ ಗೋಡೆ ಹಾಡು ಹಿಡಿಯಿತು.

‘ಇರುವೆ ಇರುವೆ, ಎಲ್ಲಿಗೆ ಹೊರಟೆ?’

ಉತ್ತರವಿಲ್ಲ. ನಜೀರ ಹಾಡಿದ್ದ ಸಾಲಿನಷ್ಟೇ ಉದ್ದದ, ಖಾಲಿ ನಿಶ್ಶಬ್ದ.

‘ಇರುವೆ ಇರುವೆ, ಏನನು ತರುವೆ?’

ಮತ್ತೆ ನಿಶ್ಶಬ್ದ. ದೊಡ್ಡತಾಯಿಯ ಮುಖ ಅರಳಿತು. ನಜೀರ ತನ್ನ ಅಂಗೈಗೆ ಮುತ್ತಿಟ್ಟ. ಹೊರಗೆ ನಿಂತ ಹೆಂಗಸರ ನಡುವೆ ಗುಸುಗುಸು ಎದ್ದಿತು. ತಲೆಮಾರುಗಳಿಂದ ಕೌದಿ ಹೊಲಿದ ಕೈಗಳನ್ನು ಒಬ್ಬೊಬ್ಬರೂ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಆದರೆ ಹಾಡು ಮುಗಿದಿರಲಿಲ್ಲ. ನಿನ್ನೆ ಮಕ್ಕಳು ಅದನ್ನು ಮತ್ತೆ ಮತ್ತೆ ಹಾಡಿದ್ದರು. ಗೋಡೆ ಕೇಳುತ್ತಲೇ ಹೋಯಿತು, ಉತ್ತರದ ಜಾಗವನ್ನು ಬಿಡುತ್ತಲೇ ಹೋಯಿತು. ಎಷ್ಟೆಂದು ಸುಮ್ಮನಿರುತ್ತಾರೆ ಮಕ್ಕಳು?

‘ಇರುವೆ ಇರುವೆ, ಎಲ್ಲಿಗೆ ಹೊರಟೆ?’

“ಆಸ್ಪತ್ರೆಗೆ. ಆರು ಕಾಲೂ ನೋಯ್ತವೆ.”

‘ಇರುವೆ ಇರುವೆ, ಏನನು ತರುವೆ?’

“ಆರು ಚಪ್ಲಿ.”

‘ಇರುವೆ ಇರುವೆ, ಎಲ್ಲಿಗೆ ಹೊರಟೆ?’

“ಗೋದಾಮಿಗೆ,” ಎಂದಿತು ಬಾಗಿಲಿನಿಂದ ಒಂದು ದಪ್ಪ ದನಿ.

ಎಲ್ಲರೂ ತಿರುಗಿದರು. ಶಿವನಂಜಪ್ಪನವರು ತಮ್ಮ ಬಾಯನ್ನು ತಾವೇ ಮುಚ್ಚಿಕೊಂಡಿದ್ದರು, ಅದು ತಮ್ಮ ಅಪ್ಪಣೆಯಿಲ್ಲದೆ ಹೊರಗೆ ಹೋಗಿಬಂದ ಹಾಗೆ. ಮಕ್ಕಳು ಹೋ ಎಂದು ನಕ್ಕರು. “ನಾಳೆ ಗೋಡೆ ಹೇಳ್ತದೆ ಗೌಡ್ರೇ,” ಎಂದಳು ಸಾಕಮ್ಮ. “ಮೊದ್ಲೇ ಗೊತ್ತಾಗಿದ್ರೆ ನೀವೂ ಕೈ ಮಡಗ್ಬೋದಿತ್ತು.”

ಕುಮುದಿನಿ ಮೇಡಂ ಚಾಪೆಯಿಂದ ಎದ್ದರು.

“ಇಷ್ಟು ವರ್ಷ ಇವರ ಗೋಡೆ ಉತ್ತರ ಹೇಳ್ತಿತ್ತು,” ಎಂದು ಶಿವನಂಜಪ್ಪನವರಿಗೆ ಹೇಳಿದರು. “ಇವತ್ತು ಪ್ರಶ್ನೆ ಕೇಳ್ತಿದೆ. ನೀವೂ ಉತ್ತರ ಕೊಟ್ರಿ, ನಾನು ಕೇಳಿಸ್ಕೊಂಡೆ.” ಆಮೇಲೆ ಕೋಣೆಯ ನಟ್ಟನಡುವೆ, ಯಾವ ಗೋಡೆಯೂ ಕೈಗೆ ಎಟುಕದ ಜಾಗಕ್ಕೆ ಬಂದು ನಿಂತರು. ಎಲ್ಲರಿಗೂ ಕಾಣುವಂತೆ ಎರಡೂ ಕೈಗಳನ್ನು ಮೇಲೆತ್ತಿದರು. ಮೂಗಿನಲ್ಲಿ ಅರ್ಧ, ಬಾಯಲ್ಲಿ ಅರ್ಧ, ನಿಧಾನವಾಗಿ ಬಿಡಿಸಿ ಬಿಡಿಸಿ ಹೇಳಿದರು: “ಗಾಣಿಗರ ಬೀದಿಯ ಶಿಶುವಿಹಾರ ಇಲ್ಲೇ ಇರುತ್ತೆ. ಯಾವ ಶಾಲೆಗೂ ಸೇರಿಸೋದಿಲ್ಲ.” ಒಂದು ಕ್ಷಣ ತಡೆದು, ಗೋಡೆಯ ಕಡೆ ತಿರುಗಿ, “ಏನಾದ್ರೂ ಪ್ರಶ್ನೆ?” ಎಂದರು.

ಈ ಸಲ ಕಾದರು. ಸೊಳ್ಳೆಯಲ್ಲ, ಎತ್ತಿನ ಗಾಡಿ ನುಸುಳುವಷ್ಟು ಹೊತ್ತು ಕಾದರು. ಹೊರಗೆ ಮುಮ್ತಾಜ ಮೊರವನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡಳು. ಶಿವನಂಜಪ್ಪನವರು ಕೋಣೆಯ ಅಗಲವನ್ನು ಕೊನೆಯ ಸಲ ಅಂದಾಜು ಮಾಡಿ ಹೊರಟರು.

“ನಂದೊಂದದೆ,” ಎಂದಳು ದೊಡ್ಡತಾಯಿ.

ತನ್ನ ಅಂಗೈಯನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ನೋಡನೋಡುತ್ತಿದ್ದಂತೆ ಮಕ್ಕಳೆಲ್ಲ ಹಾಗೇ ಮಾಡಿದರು, ಕಿವಿಗೆ ಕೈ, ಕಣ್ಣು ಮುಚ್ಚಿ. “ಗೋಡೆಗೆ ಹೋಗ್ನಿಲ್ಲ ಅಂದ್ರೆ ನಜೀರನ್ ಮಾತು ಕೈಯೊಳಗೇ ಅದಾ, ಟೀಚರ್? ಅವ್ನ್ ಕೈ ತೊಳೆದ್ರೆ ಹೊಂಟೋಯ್ತದಾ?”

ಮೇಡಂ ನನ್ನನ್ನು ನೋಡಿದರು. ಅವರ ಕಣ್ಣಿನಲ್ಲಿ ಆ ಪ್ರಶ್ನೆ ನನ್ನ ಕಣ್ಣಿನಲ್ಲಿ ಇದ್ದಷ್ಟೇ ಇತ್ತು. ನಾನು ಗೋಡೆಯಿಂದ ಎರಡು ಹೆಜ್ಜೆ ಈಚೆ ಬಂದೆ. ನಾಳೆ ಅದು ಒಂದಕ್ಷರವನ್ನೂ ನುಂಗದಿರಲಿ ಎಂದು ಎರಡೂ ಕೈಗಳನ್ನು ಮೇಲೆತ್ತಿ, ಯಾರ ದನಿಯನ್ನೂ ಮಾಡದೆ ನನ್ನದೇ ದನಿಯಲ್ಲಿ ಹೇಳಿದೆ:

“ಗೊತ್ತಿಲ್ಲ ಕಣೆ. ನೋಡೋಣ.”